ಹಲ್ಲುಮಾವನ ಪಾಸ್ತಾ

ಟೊಮೇಟೊ ಬೀಜ ತೆಗೆದು ಸಾಸ್ ಮಾಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಬೀಜ ಕಹಿಯಂತೆ, ಸಾಸಿನ ನಯ ಕೆಡಿಸುತ್ತದಂತೆ. ಯಾವ ಪುಣ್ಯಾತ್ಮ ಹೇಳಿದನೋ! ನಮ್ಮ ಮಾವನ ಅಡುಗೆಮನೆಯಲ್ಲಿ ಯಾರಾದರೂ ಬೀಜ ತೆಗೆಯಲು ಹೋಗಿದ್ದರೆ ಸೌಟು ಕಿತ್ತುಕೊಂಡು ಆಚೆ ಅಟ್ಟುತ್ತಿದ್ದರು. ಅಲ್ಲಿ ಬೀಜ ಬೇಕಾಗಿದ್ದದ್ದು ರುಚಿಗಲ್ಲ, ಹಲ್ಲಿಗೆ.

ಮಾವ ಅಂದರೆ ನನ್ನ ಗಂಡನ ಅಪ್ಪ. ಹಲ್ಲಿನ ಸೆಟ್ ಮಾಡುವುದು ಅವರ ಕಸುಬು. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಮಾವ ಅದರ ಮೇಲೆ ಮೇಣದ ವಸಡು ಕೂರಿಸಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಡುತ್ತಿದ್ದರು. ಬೀದಿಗೆಲ್ಲ ಅವರು ಹಲ್ಲುಮಾವ. ಮನೆಯ ಮುಂದಿನ ಕೋಣೆಯೇ ಕೆಲಸದ ಕೋಣೆ, ಅದರ ಹಿಂದೆ ಅಡುಗೆಮನೆ, ನಡುವೆ ಬಾಗಿಲೂ ಇರಲಿಲ್ಲ. ನಾನು ಸೊಸೆಯಾಗಿ ಹೋದ ಹೊಸದರಲ್ಲಿ, ಕಪಾಟಿನಲ್ಲಿ ಸಾಲಾಗಿ ಹಲ್ಲು ಕಿರಿಯುತ್ತಿದ್ದ ಸೆಟ್ಟುಗಳನ್ನು ನೋಡಿ ಕೈಯಲ್ಲಿದ್ದ ಲೋಟ ಬೀಳಿಸಿದ್ದೆ. ಹೆದರಬೇಡಮ್ಮ, ಇವು ಕಚ್ಚಲ್ಲ, ಬೈಯೋದೂ ಇಲ್ಲ ಅಂತ ಮಾವ ಸಮಾಧಾನ ಮಾಡಿದ್ದರು.

ಪಾಸ್ತಾ ಅವರಿಗೆ ಕಲಿಸಿದ್ದು ಒಬ್ಬ ಹಡಗಿನ ಅಡುಗೆಯವನು, ಇಟಲಿಯವನು. ಹಡಗು ಬಂದರಿನಲ್ಲಿ ನಿಂತಿದ್ದಾಗ ಅವನ ಸೆಟ್ ಮುರಿದುಹೋಗಿ, ಮಾವ ಹೊಸದು ಮಾಡಿಕೊಟ್ಟರಂತೆ. ಆತ ಅದನ್ನು ಹಾಕಿಕೊಂಡವನು ಕನ್ನಡಿಯನ್ನೂ ನೋಡದೆ ಸೀದಾ ಒಲೆಯ ಮುಂದೆ ನಿಂತನಂತೆ. ತನ್ನ ಕೈಯಾರೆ ಮಾಡಿ, ತಿಂದು ನೋಡಿದ ಮೇಲೇ ಸರಿ ಅಂತ ತಲೆ ಆಡಿಸಿದ್ದು. ಅವತ್ತಿನಿಂದ ಮಾವ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟರು. ಹೊಸ ಸೆಟ್ ಹಾಕಿಸಿಕೊಂಡವರು ಯಾರೇ ಇರಲಿ, ನಮ್ಮ ಮೇಜಿನಲ್ಲಿ ಕೂತು ಆ ಪಾಸ್ತಾ ತಿನ್ನದೆ ಮನೆಗೆ ಹೋಗುವಂತಿಲ್ಲ. ಉದ್ದನೆಯ ಎಳೆಯನ್ನು ಮುಂದಿನ ಹಲ್ಲು ಕತ್ತರಿಸಬೇಕು. ರಬ್ಬರಿನಂತೆ ಜಗ್ಗುವ ಸ್ಕ್ವಿಡ್ ಮೀನಿನ ಬಳೆಯನ್ನು ದವಡೆ ಹಲ್ಲು ಅಗಿಯಬೇಕು. ಟೊಮೇಟೊ ಬೀಜ ಸೆಟ್ಟಿನ ಅಡಿಗೆ ನುಸುಳಿ ಚುಚ್ಚಿತೋ, ಅಳತೆ ಸಡಿಲ ಅಂತ ಅರ್ಥ. ಬಿಚ್ಚು, ಮತ್ತೆ ಕೂತು ಸರಿಮಾಡು.

ಅಡುಗೆಯಲ್ಲೂ ಅವರದು ಹಲ್ಲು ಜೋಡಿಸುವಷ್ಟೇ ನಾಜೂಕು. ಬೆಳಿಗ್ಗೆಯೇ ಚಿಪ್ಪುಮೀನನ್ನು ಉಪ್ಪುನೀರಿನಲ್ಲಿ ಬಿಟ್ಟು ಮರಳು ಕಕ್ಕಿಸಬೇಕು. ಸಿಗಡಿಯ ಸಿಪ್ಪೆ ಎಸೆಯದೆ ಎಣ್ಣೆಯಲ್ಲಿ ಹುರಿದು, ಎಣ್ಣೆ ಕೆಂಪಾದ ಮೇಲೆ ಅದನ್ನು ತೆಗೆದು ಬೆಳ್ಳುಳ್ಳಿ ಹಾಕಬೇಕು. ಟೊಮೇಟೊವನ್ನು ಕೈಯಲ್ಲೇ ಹಿಚುಕಿ ಸುರಿದು, ಅದು ಕೊತಕೊತ ಕುದಿಯುವ ತನಕ ಮನೆಯಲ್ಲಿ ಯಾರೂ ಪಿಟಕ್ ಅನ್ನಕೂಡದು. ಪಾಸ್ತಾ ಹಲ್ಲಿಗೆ ಸಿಗುವ ಹಾಗೆ ಇನ್ನೂ ತುಸು ಬಿಗಿ ಇರುವಾಗಲೇ ನೀರಿನಿಂದ ಎತ್ತಿ ಸಾಸಿಗೆ ಹಾಕುವುದು. ಕೊನೆಗೆ ಸಿಗಡಿ, ಸ್ಕ್ವಿಡ್ಡು, ಚಿಪ್ಪುಮೀನು ಎಲ್ಲ ಸುರಿದು ಮುಚ್ಚಳ ಮುಚ್ಚಿದರೆ ಸ್ವಲ್ಪ ಹೊತ್ತಿಗೆ ಒಳಗೆ ಟಕಟಕ ಅಂತ ಚಿಪ್ಪುಗಳು ಬಾಯಿಬಿಡುತ್ತಿದ್ದವು. ಆಗ ಮಾವ ಅತ್ತೆಯ ಕಡೆ ತಿರುಗಿ, "ನೋಡು, ಇವೂ ಬಾಯಿಬಿಟ್ಟವು, ನೀನು ಮಾತ್ರ ಬಿಡಲ್ಲ" ಅನ್ನುತ್ತಿದ್ದರು. ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ಪಾತ್ರೆಯಲ್ಲಿ ಆ ಸದ್ದಾದಾಗಲೆಲ್ಲ ಈಗಲೂ ನಾನು ಆ ಮಾತಿಗೆ ಕಾಯುತ್ತೇನೆ.

ಅತ್ತೆಗೆ ಯಾವುದೋ ದೊಡ್ಡ ಕಾಯಿಲೆ ಬಂದು, ವಸಡು ಸೋತು, ವಯಸ್ಸಿಗೆ ಮುಂಚೆಯೇ ಹಲ್ಲೆಲ್ಲ ಹೋಗಿತ್ತು. ಅದಕ್ಕೆ ಮೊದಲು ಅವರು ನಕ್ಕರೆ ನಾಲ್ಕು ಮನೆ ಆಚೆ ಕೇಳಿಸುತ್ತಿತ್ತು ಅಂತ ನನ್ನ ಗಂಡ ಹೇಳಿದರೆ, ಸುಮ್ಮನೆ ಬಿಡ್ರೀ ಅನ್ನುತ್ತಿದ್ದೆ. ನಾನು ಕಂಡ ಅತ್ತೆ ಬಾಯಿಗೆ ಅಂಗೈ ಅಡ್ಡ ಹಿಡಿದು ಮಾತಾಡುವವರು. ಎಲ್ಲರ ಊಟ ಆದಮೇಲೆ ಗೋಡೆ ಕಡೆ ಮುಖ ಮಾಡಿ, ಮೆತ್ತಗಿನದೇನಾದರೂ ಉಣ್ಣುವವರು. ಮಾವ ಅವರಿಗೆ ಸೆಟ್ಟಿನ ಮೇಲೆ ಸೆಟ್ ಮಾಡಿದರು. ಒಂದಕ್ಕಿಂತ ಒಂದು ಚೆಂದ, ಮುತ್ತು ಪೋಣಿಸಿದ ಹಾಗೆ. ಅತ್ತೆ ಒಂದು ಹೊತ್ತು ಹಾಕಿಕೊಂಡು, ಒತ್ತುತ್ತೆ ಅಂತ ತೆಗೆದು ಲೋಟದ ನೀರಿಗೆ ಹಾಕಿಬಿಡುವರು. ಮಾವ ಮತ್ತೆ ಇನ್ನೊಂದಕ್ಕೆ ಕೂರುವರು. ಊರವರ ಬಾಯಿಗೆಲ್ಲ ಹಲ್ಲು ಕೂರಿಸಿದ ಮನುಷ್ಯ! ಹೆಂಡತಿ ಮತ್ತೆ ಎದುರು ಕೂತು ಉಣ್ಣುವುದನ್ನು ಕಣ್ಣಾರೆ ನೋಡಬೇಕು, ಅದೊಂದು ಬಿಟ್ಟು ಅವರಿಗೆ ಬೇರೆ ಆಸೆಯೇ ಇರಲಿಲ್ಲ.

ಒಂದು ಭಾನುವಾರ ಮಾವ ಪಾಸ್ತಾ ನೀರಿಗೆ ಬಿಟ್ಟು ಒಲೆಯ ಹತ್ತಿರ ನಿಂತಿದ್ದರು. ನಾನು ಅತ್ತೆಯ ಸೆಟ್ಟಿದ್ದ ಲೋಟ ತೊಳೆಯುತ್ತಿದ್ದೆ. ನನ್ನ ಬಾಯಿ ಸುಮ್ಮನಿರುವ ಬಾಯಲ್ಲವಲ್ಲ. ಎಲ್ಲಿ ಒತ್ತುತ್ತೆ, ಇವತ್ತು ತೋರಿಸಲೇಬೇಕು ಅಂತ ಪಟ್ಟು ಹಿಡಿದೆ. ಅತ್ತೆ ಸೆಟ್ ಕೈಗೆ ತೆಗೆದುಕೊಂಡು ಮುಂದಿನ ಹಲ್ಲುಗಳ ಮೇಲೆ ಬೆರಳಿಟ್ಟರು.

"ಎಲ್ಲೂ ಒತ್ತಲ್ಲಮ್ಮ. ನನಗೆ ಮುಂದಿನ ಎರಡು ಹಲ್ಲಿನ ಮಧ್ಯೆ ಸಂದಿ ಇತ್ತು. ನಿಮ್ಮ ಮಾವ ಅದನ್ನ ಮುಚ್ಚಿಬಿಟ್ಟಿದ್ದಾರೆ. ಕನ್ನಡಿ ನೋಡಿದ್ರೆ ಬೇರೆ ಯಾರೋ ಹೆಂಗಸು ನಗ್ತಾಳೆ. ಅವಳ ಬಾಯಲ್ಲಿ ನಾನು ಹೇಗೆ ಊಟ ಮಾಡ್ಲಿ?"

ಇಷ್ಟು ದಿನ ಹೇಳಬಾರದಿತ್ತೇ ಅಂದೆ. ಅಷ್ಟು ಆಸೆಯಿಂದ ಮಾಡಿಕೊಂಡು ಬರ್ತಾರೆ, ಹೇಗೆ ಹೇಳೋದು ಅಂದರು.

ಒಲೆಯ ಕಡೆ ತಿರುಗಿ ನೋಡಿದರೆ ಮಾವ ಸೌಟು ಹಿಡಿದು ನಿಂತಲ್ಲೇ ನಿಂತಿದ್ದಾರೆ, ಪಾಸ್ತಾ ಬೆಂದು ಬೆಂದು ಅಂಟಾಗಿದೆ. ಹಾಗೆ ಆದದ್ದು ಅದೊಂದೇ ಸಲ. ಸಂದಿ ಕಂಡರೆ ಮುಚ್ಚುವುದು, ಓರೆ ಕಂಡರೆ ನೇರ ಮಾಡುವುದು ಅವರ ಕೈಗೆ ಅಂಟಿದ ರೂಢಿ. ಹೆಂಡತಿಗೆ ಎಲ್ಲರಿಗಿಂತ ಚೆಂದದ್ದು ಇರಲಿ ಅಂತ ಇನ್ನೂ ಒತ್ತಾಗಿ ಮುಚ್ಚಿದ್ದರು, ಪಾಪ. ಅವತ್ತು ನಾವು ಆ ಅಂಟನ್ನೇ ತಿಂದೆವು. ಮಾವ ಊಟಕ್ಕೂ ಬರದೆ ಕೆಲಸದ ಕೋಣೆಯಲ್ಲಿ ಮೇಣ ಕಾಯಿಸುತ್ತಾ ಕೂತುಬಿಟ್ಟರು. ಸಂದಿ ಎಷ್ಟು ಅಗಲ ಇತ್ತು ಅಂತ ಯಾರನ್ನೂ ಕೇಳಲಿಲ್ಲ, ಒಂದು ಫೋಟೊ ಕೂಡ ತೆಗೆದು ನೋಡಲಿಲ್ಲ.

ಹೊಸ ಸೆಟ್ ಬಂದ ದಿನ ಅತ್ತೆ ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಬಂದು ಮಾವನ ಎದುರಿನ ಕುರ್ಚಿ ಎಳೆದು ಕೂತರು. ನಾನು ಬಡಿಸಿದೆ. ಅವರು ಒಂದು ಉದ್ದನೆಯ ಎಳೆಯ ತುದಿ ಬಾಯಿಗಿಟ್ಟು ಸುರ್ ಅಂತ ಎಳೆದುಕೊಂಡರು ನೋಡಿ, ಆ ಸಂದಿಯಲ್ಲಿ ಸಣ್ಣಗೆ ಸೀಟಿ ಹೊಡೆದ ಹಾಗಾಯಿತು, ಬಾಲ ಬಡಿದು ಸಾಸು ಮಾವನ ಕನ್ನಡಕಕ್ಕೆ ಸಿಡಿಯಿತು. ಅತ್ತೆ ನಕ್ಕರು. ಅಂಗೈ ಅಡ್ಡ ಬರಲಿಲ್ಲ. ನನ್ನ ಗಂಡ ಹೇಳಿದ್ದು ಸುಳ್ಳಲ್ಲ, ಎದುರು ಮನೆಯ ದರ್ಜಿ ಮಷೀನು ನಿಲ್ಲಿಸಿ ಕಿಟಕಿಯಿಂದ ಇಣುಕಿದ.

ನಗು ನಿಂತ ಮೇಲೆ ಅತ್ತೆ ಇನ್ನೊಂದು ತುತ್ತು ತಿಂದು, ಏನೂ ಆಗದವರ ಹಾಗೆ, "ಉಪ್ಪು ಕಮ್ಮಿ ಆಗಿದೆ ಕಣ್ರೀ" ಅಂದರು.

ಉಪ್ಪಿನ ಮಾತೆತ್ತಿದರೆ ಮನೆಯನ್ನೇ ತಲೆ ಮೇಲೆ ಹೊರುತ್ತಿದ್ದ ಮಾವ ಅವತ್ತು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು, ತರ್ತೀನಿ ಅಂತ ಒಳಗೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಉಪ್ಪಿನ ಬಟ್ಟಲು ಮೇಜಿನ ಮೇಲೇ ಇತ್ತು.