ಮಾವನವರು ನೋಡಿರದ ಪ್ರಾಣಿ

ಚಂದ್ರಮೌಳಿ ದಾವಣಗೆರೆಯವನು. ತೊಂಬತ್ತರ ಸುಮಾರಿಗೆ ಬ್ಯಾಂಕು ಅವನನ್ನು ವಿಶಾಖಪಟ್ಟಣಕ್ಕೆ ಒಗೆಯಿತು. ಕನ್ನಡ ಕಿವಿಗೆ ಬೀಳಲಿ ಅಂತ ದಿನಾ ಸಂಜೆ ಅಲ್ಲಿದ್ದ ನನ್ನ ಜವಳಿ ಅಂಗಡಿಗೆ ಬರುತ್ತಿದ್ದ. ಇಡೀ ಅಂಗಡಿ ಬಿಚ್ಚಿಸಿ ನೋಡಿ, ಒಂದು ಕರವಸ್ತ್ರವನ್ನೂ ಕೊಳ್ಳದೆ ಎದ್ದು ಹೋಗುವ ಜಾತಿ. ಅವನು ಚೌಕಾಸಿ ಮಾಡದೆ ಒಪ್ಪಿಕೊಂಡದ್ದು ಒಂದೇ ವ್ಯವಹಾರ, ಬ್ಯಾಂಕಿನಲ್ಲಿ ಪಕ್ಕದ ಕೌಂಟರಿನ ಕನಕದುರ್ಗಳ ಜತೆ ಮದುವೆ. ಹುಡುಗಿ ವಿಜಯವಾಡದ ಪಟಮಟದವಳು. ಮನೆಗೆ ಒಬ್ಬಳೇ ಮಗಳು. ಆಗಲೇ ನಾನು ಎಚ್ಚರಿಸಿದ್ದೆ: "ಒಬ್ಬಳೇ ಮಗಳು ಅಂದ್ರೆ ಸೀರೆ ಜತೆ ಗಂಟು ಬಿದ್ದ ಬ್ಲೌಸ್ ಪೀಸು ಇದ್ದಂಗೆ ಕಣಯ್ಯ. ಅವರಪ್ಪನೂ ಜತೆಗೇ ಬರ್ತಾರೆ."

ಬಂದರು. ಜಗನ್ಮೋಹನ್ ರಾವ್, ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಇಡ್ಲಿ ಇಟ್ಟರೂ "ಹ್ಯಾಂಬರ್ಗ್‌ನಲ್ಲಾದರೆ..." ಅಂತಲೇ ಮಾತು ಶುರು. ಹಡಗು ನಿಂತ ಊರಲ್ಲೆಲ್ಲ ಅವರು ತಪ್ಪದೆ ನೋಡುತ್ತಿದ್ದದ್ದು ಮೃಗಾಲಯ. ಅವರಿಗಿದ್ದ ಹಟವೂ ಒಂದೇ, ಇಲ್ಲರಿಕಂ. ನಮ್ಮ ಕಡೆ ಮನೆಅಳಿಯತನ ಅಂತೀವಲ್ಲ, ಅದು. ಅಳಿಯ ವಿಜಯವಾಡಕ್ಕೆ ವರ್ಗ ಮಾಡಿಸಿಕೊಂಡು ಅವರ ಮನೆಯ ಮಹಡಿ ಮೇಲೆ ಬಂದು ಕೂರಬೇಕು. ಪ್ರತಿ ಹಬ್ಬಕ್ಕೂ ಈ ಮಾತು ಪಾಯಸದ ಜತೆ ಎಲೆಗೆ ಬೀಳುತ್ತಿತ್ತು.

ಒಂದು ಸಂಕ್ರಾಂತಿಗೆ ಚಂದ್ರಮೌಳಿ ರೋಸಿಹೋದ. ವಿಶಾಖಪಟ್ಟಣದ ಮೃಗಾಲಯದ ಡಾಕ್ಟರು ಅವನ ಬ್ಯಾಂಕಿನ ಗಿರಾಕಿ. ಅವರು ಹೇಳಿದ್ದ ಒಂದು ಸಂಗತಿ ತಲೆಯಲ್ಲಿತ್ತು.

"ಮಾವಯ್ಯಗಾರೂ, ನೀವು ಯಾವ ದೇಶದ ಜೂನಲ್ಲೂ ನೋಡಿರದ ಪ್ರಾಣಿ ವೈಜಾಗ್‌ನಲ್ಲಿ ತೋರಿಸ್ತೀನಿ. ತೋರಿಸಿದ್ರೆ ಇಲ್ಲರಿಕಂ ಮಾತು ನಿಲ್ಲಿಸ್ಬೇಕು."

"ತೋರಿಸದೆ ಹೋದರೆ, ಅಲ್ಲುಡುಗಾರೂ?"

"ವರ್ಗಕ್ಕೆ ಅರ್ಜಿ ಹಾಕ್ತೀನಿ. ಹಾಸಿಗೆ ಸುತ್ಕೊಂಡು ನಿಮ್ಮ ಮಹಡಿಗೇ ಬರ್ತೀನಿ."

ಮುಂದಿನ ವಾರವೇ ಮಾವ, ಅತ್ತೆ ಸೀತಾಮಹಾಲಕ್ಷ್ಮಿ ರೈಲಿಳಿದರು. ಬೆಳಿಗ್ಗೆ ಸಿಂಹಾಚಲಂನಲ್ಲಿ ಅಪ್ಪನ್ನಸ್ವಾಮಿಯ ದರ್ಶನ, ಮಧ್ಯಾಹ್ನ ಮೃಗಾಲಯ. ನನ್ನನ್ನೂ ಸಾಕ್ಷಿಗೆ ಎಳೆದುಕೊಂಡು ಹೋದರು.

ಬೋನು ಖಾಲಿ. ಒಂದು ಮಣ್ಣುದಿಬ್ಬ, ಅದರಲ್ಲೊಂದು ಬಿಲ, ಅಷ್ಟೆ. ಬೋರ್ಡಿನ ಚಿತ್ರವನ್ನೂ ತೆಲುಗು ಹೆಸರನ್ನೂ ಕಡಲಿನ ಉಪ್ಪುಗಾಳಿ ತಿಂದು, 'ಪ್ಯಾಂಗೊಲಿನ್' ಅಂತ ಇಂಗ್ಲಿಷಿನ ಒಂದು ಸಾಲು ಉಳಿದಿತ್ತು. ಪ್ರಾಣಿ ಕತ್ತಲಾದ ಮೇಲೆ ಏಳುತ್ತದಂತೆ. ಮೃಗಾಲಯವೋ ಸಂಜೆಗೇ ಬಾಗಿಲು ಹಾಕುತ್ತದೆ. ಇದನ್ನು ಡಾಕ್ಟರು ಹೇಳಿರಲಿಲ್ಲ, ನಮ್ಮವನೂ ಕೇಳಿರಲಿಲ್ಲ.

"ಇರುವೆ, ಗೆದ್ದಲು ಬಿಟ್ಟು ಏನೂ ತಿನ್ನಲ್ಲ. ಸಾಕೋದು ಕಷ್ಟ. ಅದಕ್ಕೇ ಪ್ರಪಂಚದ ಜೂಗಳಲ್ಲೇ ಅಪರೂಪ..." ಚಂದ್ರಮೌಳಿಯ ದನಿ ಬಿಲದೊಳಗಿಂದ ಬಂದಂತಿತ್ತು.

ಮಾವನಿಗೆ ಪರಮಾನಂದ. "ಅಪರೂಪವೇ! ಖಾಲಿ ಬೋನು ಇಟ್ಟು ಟಿಕೆಟ್ ತಗೊಳ್ಳೋ ಜೂ ನಾನೆಲ್ಲೂ ನೋಡಿಲ್ಲ. ಮಹಡಿಗೆ ಸುಣ್ಣ ಹೊಡೆಸ್ತೀನಿ, ಬನ್ನಿ."

ಅಲ್ಲಿಗೇ ನಿಲ್ಲಿಸಿದ್ದರೆ ಗೆದ್ದಿದ್ದರು. ಆದರೆ ಹ್ಯಾಂಬರ್ಗ್ ಬಿಡಬೇಕಲ್ಲ. "ಅಲ್ಲದೆ ಈ ಪ್ಯಾಂಗೊಲಿನ್ ನಾನು ನೋಡಿರೋದೇ. ಹ್ಯಾಂಬರ್ಗ್‌ನಲ್ಲಿ ಹಿಂಡು ಹಿಂಡಾಗಿತ್ತು."

ನನಗೆ ಅಂಗಡಿ ನೆನಪಾಯಿತು. ಇದೇ ಸೀರೆ ಪಕ್ಕದಂಗಡೀಲಿ ಅಗ್ಗ ಅನ್ನುವ ಗಿರಾಕಿಯನ್ನು ನಾನು ಸೆರಗಲ್ಲಿ ನವಿಲಿರೋದು ತಾನೇ ಅಂತ ಕೇಳುತ್ತೇನೆ. ಹೌದು, ಅದೇ, ಅನ್ನುತ್ತಾನೆ. ನವಿಲಿನ ಸೀರೆ ಬೀದಿಯಲ್ಲಿ ಯಾರ ಹತ್ತಿರವೂ ಇರುವುದಿಲ್ಲ.

"ರಾವ್‌ಗಾರೂ, ಹ್ಯಾಂಬರ್ಗ್‌ನಲ್ಲಿ ಇದರ ಕೊಂಬು ನೆಟ್ಟಗಿತ್ತಾ, ಸೊಟ್ಟಗಿತ್ತಾ?"

"ಸೊಟ್ಟ," ಅಂದರು ಯೋಚನೆಯನ್ನೂ ಮಾಡದೆ. "ಸ್ವಲ್ಪ ಹಿಂದಕ್ಕೆ ಬಾಗಿತ್ತು."

ಅತ್ತೆ ಅಳಿಯನ ಕಡೆ ತಿರುಗಿದರು. "ಈ ಪ್ರಾಣಿಗೆ ನಮ್ಮ ಮಾತಲ್ಲಿ ಏನಂತಾರೆ ಬಾಬು?"

"ಅಲುಗು, ಅತ್ತಯ್ಯಗಾರೂ. ನಮ್ಮಲ್ಲಿ ಚಿಪ್ಪುಹಂದಿ."

ಆಕೆ ಪಾಡೇರು ಬೆಟ್ಟದ ಬುಡದ ಹಳ್ಳಿಯಲ್ಲಿ ಬೆಳೆದವರು. ಕಂಬಿ ಹಿಡಿದುಕೊಂಡು ನಗತೊಡಗಿದವರು ಸೆರಗಿನಿಂದ ಕಣ್ಣೊರೆಸಿಕೊಳ್ಳುವವರೆಗೆ ನಿಲ್ಲಿಸಲಿಲ್ಲ.

"ಏಮಂಡಿ! ನಮ್ಮಪ್ಪನ ಗೋಡಂಬಿ ತೋಟದ ಹುತ್ತಕ್ಕೆ ಬರ್ತಿತ್ತು ಅಲುಗು. ಮೈತುಂಬ ಚಿಪ್ಪು. ಮುಟ್ಟಿದ್ರೆ ಚೆಂಡಿನ ಹಾಗೆ ಸುತ್ಕೊಳ್ಳುತ್ತೆ. ಹಲ್ಲೇ ಇಲ್ಲದ ಬಡಪಾಯಿಗೆ ಕೊಂಬು ಕೊಡಿಸಿದ್ರಲ್ಲ ನೀವು!"

ಮಾವ ತಡಬಡಿಸಿದರು. "ನೋಡಿಲ್ಲ ಅಂತಲೇ ಇಟ್ಕೊ. ಆದ್ರೂ ಇವರು ತೋರಿಸಲಿಲ್ಲವಲ್ಲ?"

"ಬೆಳಿಗ್ಗೆ ಅಪ್ಪನ್ನಸ್ವಾಮಿ ಏನು ತೋರಿಸಿದ? ವರ್ಷಕ್ಕೊಂದು ದಿನ ಬಿಟ್ಟರೆ ಮೈಯೆಲ್ಲ ಗಂಧ ಮುಚ್ಕೊಂಡೇ ಇರ್ತಾನೆ. ಅಲ್ಲಿ ಕೈಮುಗಿದು ಬಂದ್ರಿ. ಇಲ್ಲಿ ಬಿಲ ತೋರಿಸಿದ್ರೆ ಸಾಲದಾ? ಇಲ್ಲರಿಕಂ ಮಾತು ಇವತ್ತಿಗೆ ಮುಗೀತು."

ಮುಗಿಯಿತು. ಚಂದ್ರಮೌಳಿ ಆ ಸಂಜೆ ನನ್ನ ಅಂಗಡಿಯಲ್ಲಿ ಅತ್ತೆಗೆ ಒಂದು ಸೀರೆ ಕೊಂಡ. ಬೋಣಿ ಅಂದರೆ ಅದು!

ಎರಡು ವರ್ಷದಲ್ಲಿ ಬ್ಯಾಂಕು, ಯಾರೂ ಕೇಳದೆಯೇ, ಅವನನ್ನು ವಿಜಯವಾಡಕ್ಕೆ ಒಗೆಯಿತು. ಮಹಡಿಗೆ ಹೋಗಲಿಲ್ಲ. ಪಟಮಟದಲ್ಲೇ ಎರಡು ಬೀದಿ ಆಚೆ ಬಾಡಿಗೆ ಮನೆ ಹಿಡಿದ. ಆಮೇಲೊಮ್ಮೆ ಮಾಲು ತರಲು ಅಲ್ಲಿಗೆ ಹೋದಾಗ ನೋಡಿದೆ: ಬೆಳಗಿನ ಕಾಫಿಗೆ ಬಂದ ಜಗನ್ಮೋಹನ್ ರಾವ್ ರಾತ್ರಿ ಊಟ ಮುಗಿಸಿಯೇ ಮನೆಗೆ ಹೊರಡುವುದು. ಅಳಿಯನ ಈಜಿಚೇರು ಆಗಲೇ ಅವರದಾಗಿತ್ತು. ಕೂತುಕೊಂಡು ನೆರೆಮನೆಯವರಿಗೆ ವೈಜಾಗ್‌ನ ಅಲುಗು ವರ್ಣಿಸುತ್ತಿದ್ದರು. "ಹ್ಯಾಂಬರ್ಗ್‌ನಲ್ಲಿ ಎಲ್ಲಿ ಬರ್ಬೇಕು ರೀ? ಈ ಕಣ್ಣಿಂದ ನೋಡಿದೀನಿ. ನನ್ನೆದುರಿಗೇ ಚೆಂಡಾಗಿ ಸುತ್ಕೊಳ್ತು!"

ಒಳಗಿನಿಂದ ಚಂದ್ರಮೌಳಿ ನನ್ನತ್ತ ನೋಡಿ ಕಣ್ಣು ಹೊಡೆದ. ಮಾವನವರು ಕೊಂಬು ತೆಗೆದುಬಿಟ್ಟಿದ್ದರಲ್ಲ, ಅಷ್ಟು ಸಾಕು.