ಇಪ್ಪತ್ತಮೂರನೆಯ ಕೈ

ನಮ್ಮೂರಿನ ಟೋಪಿ ಹೊಲಿಯುವ ಗೆಟ್ಸಲ್ ಯಾರಿಗೂ ಕೇಡು ಬಯಸಿದವನಲ್ಲ, ಒಬ್ಬನನ್ನು ಬಿಟ್ಟು. ಆ ಒಬ್ಬ ಜುಂಡಲ್, ಹೆಣ ತೊಳೆದು ಮಣ್ಣು ಮಾಡುವ ನಮ್ಮ ಸಂಘದ ಯಜಮಾನ. ಗೆಟ್ಸಲ್‌ನ ತಾಯಿ ಸತ್ತಾಗ, ಗಂಡನ ಪಕ್ಕದ ಜಾಗ ಖಾಲಿಯಿದ್ದರೂ, ಜುಂಡಲ್ ಆಕೆಯನ್ನು ಸ್ಮಶಾನದ ಬೇಲಿಯ ಬುಡದಲ್ಲಿ ಹೂಳಿಸಿದ. ಅದು ತಾವೇ ಪ್ರಾಣ ತೆಗೆದುಕೊಂಡವರಿಗೆ, ಧರ್ಮ ಬಿಟ್ಟವರಿಗೆ ಮೀಸಲಾದ ಜಾಗ. ಮುದುಕಿ ಮಾಡಿದ್ದ ಪಾಪವೆಂದರೆ ಒಮ್ಮೆ ಮೀನಿನ ಅಂಗಡಿಯ ಮುಂದೆ ಅವನನ್ನು ಹೊಟ್ಟೆಬಾಕ ಎಂದದ್ದು. ಅವನು ಹೊಟ್ಟೆಬಾಕನೇ, ಅದರಲ್ಲಿ ಸುಳ್ಳೇನಿಲ್ಲ.

"ಅವನನ್ನೂ ಅದೇ ಬೇಲಿಗೆ ಸೇರಿಸದೆ ಇದ್ರೆ ನನ್ನ ಹೆಸರು ಬದಲಾಯಿಸಿ ಕರೀರಿ," ಎನ್ನುತ್ತಿದ್ದ ಗೆಟ್ಸಲ್. ಸಂಘಕ್ಕೆ ಸೇರಿದ್ದೇ ಅದಕ್ಕೆ. ನನ್ನ ಪಕ್ಕದಲ್ಲಿ ನಿಂತು ಹೆಣಕ್ಕೆ ನೀರು ಹೊಯ್ಯುವಾಗಲೂ ಅವನ ಕಣ್ಣು ಜುಂಡಲ್‌ನ ಕೊಬ್ಬಿದ ಕುತ್ತಿಗೆಯ ಮೇಲೇ ಇರುತ್ತಿತ್ತು.

ಸತ್ತವರಿಗೆ ಜಾಗ ಗೊತ್ತುಮಾಡುವುದು ಯಜಮಾನನೊಬ್ಬನ ಮರ್ಜಿ. ಆದರೆ ಬದುಕಿರುವವನಿಗೆ ಸತ್ತ ಮೇಲೆ ಬೇಲಿಯೇ ಎಂದು ವಿಧಿಸುವುದೆಂದರೆ ನಮ್ಮ ಸಂಘದಲ್ಲಿ ಮರಣದಂಡನೆಗೆ ಸಮ. ಹಿಂದಿನವರ ಕಟ್ಟಳೆಯಂತೆ ಇಪ್ಪತ್ತಮೂರು ಮಂದಿ ಕೂತು ತೀರ್ಪು ಕೊಡಬೇಕು. ಸಬ್ಬತ್ತಿನ ಮಧ್ಯಾಹ್ನದ ಪಾಠದಲ್ಲಿ ನಮ್ಮ ಯೆಹೂದಿ ಗುರು ರಬ್ಬಿ ಆ ಲೆಕ್ಕ ಬಿಡಿಸಿ ಹೇಳುತ್ತಿದ್ದರು. ದೇವರು ಕೊಡಮಾಡಿದ ಕಾನಾನ್ ನಾಡನ್ನು ನೋಡಿಬಂದು ಹಳಿದ ಹತ್ತು ಗೂಢಚಾರರನ್ನು ಧರ್ಮಗ್ರಂಥ 'ಸಭೆ' ಎಂದು ಕರೆದಿದೆ, ಹಾಗಾಗಿ ಸಭೆ ಎಂದರೆ ಹತ್ತು. ತಪ್ಪು ಹೊರಿಸಲು ಒಂದು ಸಭೆ, ಕಾಪಾಡಲು ಒಂದು ಸಭೆ. ಶಿಕ್ಷೆಯ ಕಡೆಗೆ ಎರಡು ಕೈಯಾದರೂ ಹೆಚ್ಚಿರಬೇಕು. ಸರಿಸಂಖ್ಯೆಯ ಪೀಠ ಕೂಡದೆಂದು ಮೇಲೆ ಇನ್ನೊಬ್ಬ.

"ಚಾಡಿಕೋರರನ್ನ ಎಣಿಸಿ ನ್ಯಾಯಾಧೀಶರನ್ನ ಕೂರಿಸಿದ್ದಾರೆ. ನಮ್ಮೂರ ನ್ಯಾಯ ಹಿಂಗಿರದೆ ಇನ್ನೆಂಗಿರುತ್ತೆ, ರಬ್ಬಿಗಳೇ?" ಎಂದ ಗೆಟ್ಸಲ್. ರಬ್ಬಿಗೂ ನಗು ತಡೆಯಲಾಗಲಿಲ್ಲ.

ಆ ಚಳಿಗಾಲ ನೀರು ಹೊರುವವನ ಹೆಂಡತಿಯನ್ನೂ ಜುಂಡಲ್ ಬೇಲಿಗೆ ತಳ್ಳಿದ. ನೀರಿನವನು ಅಳುತ್ತ ರಬ್ಬಿಯ ಬಾಗಿಲಿಗೆ ಹೋದ, ಜುಂಡಲ್‌ನ ವಿಚಾರಣೆಗೆ ಪೀಠ ಕೂತಿತು. ಗೆಟ್ಸಲ್ ಮನೆಮನೆ ಅಲೆದು ಎಲ್ಲರನ್ನೂ ಒಪ್ಪಿಸಿದ್ದ. ಒಪ್ಪಿಸಲಾಗದವನು ಜುಂಡಲ್‌ನ ಭಾಮೈದ ಲಿಪ್ಮನ್ ಒಬ್ಬನೇ.

"ತಪ್ಪಿತಸ್ಥ ಅನ್ನೋರು ಕೈ ಎತ್ತಿ," ಎಂದರು ರಬ್ಬಿ.

ಕೈಗಳು ಎದ್ದವು. ಲಿಪ್ಮನ್‌ನದೂ ಎದ್ದಿತು!

"ನೋಡೋ, ಭಾಮೈದನೇ ಕೈ ಕೊಟ್ಟ!" ಗೆಟ್ಸಲ್ ಖುಷಿಯಲ್ಲಿ ನನ್ನ ತೊಡೆ ಹಿಂಡಿದ. ನಾನು ಜುಂಡಲ್‌ನ ಕಡೆ ನೋಡಿದೆ. ಅವನು ಆರಾಮಾಗಿ ಹಲ್ಲಿಗೆ ಕಡ್ಡಿ ಹಾಕುತ್ತಿದ್ದ.

ರಬ್ಬಿ ಗಡ್ಡ ನೀವಿಕೊಂಡರು. "ಪರವಾಗಿ ಒಬ್ಬರೂ ಇಲ್ವೇ? ಹಾಗಾದ್ರೆ ಬಿಡುಗಡೆ. ಇಡೀ ಪೀಠ ಒಂದೇ ಬಾಯಲ್ಲಿ ತಪ್ಪಿತಸ್ಥ ಅಂದ್ರೆ, ಅವನಲ್ಲಿ ಒಳ್ಳೇದು ಇದೆಯಾ ಅಂತ ಯಾರೂ ಹುಡುಕೇ ಇಲ್ಲ ಅಂತ ಅರ್ಥ. ಅಂಥ ತೀರ್ಪು ನಿಲ್ಲೋದಿಲ್ಲ."

ಈ ಕಟ್ಟಳೆ ನಮಗೆಲ್ಲ ಬಾಯಿಪಾಠ. ಸಿಟ್ಟಿನಲ್ಲಿ ಎಲ್ಲರೂ ಮರೆತಿದ್ದೆವು, ಲಿಪ್ಮನ್ ಮಾತ್ರ ಮರೆತಿರಲಿಲ್ಲ. ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು ನನಗೆ. ನೀರಿನವನು ಗೋಡೆಗೆ ಹಣೆ ಚಚ್ಚಿಕೊಂಡ.

"ಮನಸ್ಸು ಬದಲಾಯಿಸೋರು ಇದ್ರೆ ಈಗಲೇ ಹೇಳಿ," ಎಂದರು ರಬ್ಬಿ, ಯಾರ ಮುಖವನ್ನೂ ನೋಡದೆ. "ಶಿಕ್ಷೆ ಅಂದೋನು ಬಿಡುಗಡೆ ಕಡೆ ತಿರುಗಬಹುದು, ಉಲ್ಟಾ ಆಗಲ್ಲ. ಆದರೆ ಬರೀ ಕೈ ಇಳಿಸಿದ್ರೆ ಸಾಲದು. ನಿಜವಾದ ಕಾರಣ ಕೊಡಬೇಕು."

ಗೆಟ್ಸಲ್ ಎದ್ದು ನಿಂತ. ತಾಯನ್ನು ಬೇಲಿಗೆಸೆದವನಲ್ಲಿ ಒಳ್ಳೆಯದನ್ನು ಹುಡುಕುವುದು ಅವನಿಗೆ ಬೆಂಕಿ ನುಂಗಿದ ಹಾಗಿತ್ತು. ಆದರೂ ಹುಡುಕಿದ.

"ನಮ್ಮಮ್ಮ ಹೋದಾಗ ನೆಲ ಹೆಪ್ಪುಗಟ್ಟಿತ್ತು," ಎಂದ. "ಗುಂಡಿ ತೋಡೋರು ಮೊಣಕಾಲುದ್ದಕ್ಕೇ ಸಾಕು ಅಂದ್ರು. ಯಜಮಾನ್ರು ಬೈದು, ತಾವೇ ಗುದ್ದಲಿ ಹಿಡಿದ್ರು. ಪೂರಾ ಆಳಕ್ಕೆ ತೋಡಿಸಿದ್ರು. ನಾಯಿ ಮುಟ್ಟಬಾರದು ಅಂದ್ರು. ನಾನೇ ಕಣ್ಣಾರೆ ಕಂಡಿದ್ದೀನಿ. ಅದಕ್ಕೆ ಈ ಮನುಷ್ಯನಿಗೆ ಶಿಕ್ಷೆ ಬೇಡ ಅಂತೀನಿ."

ಹೇಳುತ್ತ ಹೇಳುತ್ತ ಅವನು ಅಳುತ್ತಿದ್ದ. ಸಿಟ್ಟಿನ ಅಳುವೇ, ನನಗೆ ಗೊತ್ತು.

ಜುಂಡಲ್‌ನ ಬಾಯಿಂದ ಕಡ್ಡಿ ಬಿತ್ತು. "ಕೂತ್ಕೊಳ್ಳೋ ಟೋಪಿ! ನಿನ್ನ ದಯೆ ಯಾವನಿಗೆ ಬೇಕು? ರಬ್ಬಿಗಳೇ, ಇವನು ಸುಳ್ಳು ಹೇಳ್ತಿದ್ದಾನೆ, ನಾನು ಗುದ್ದಲಿ ಮುಟ್ಟೇ ಇಲ್ಲ!"

"ಮುಟ್ಟಿದ್ರಿ," ಎಂದರು ರಬ್ಬಿ. "ನಾನೂ ಅಲ್ಲೇ ಇದ್ದೆ. ವಿರುದ್ಧ ಇಪ್ಪತ್ತೆರಡು, ಪರ ಒಂದು. ಒಳ್ಳೇದು ಹುಡುಕಿದೋನು ಒಬ್ಬ ಸಿಕ್ಕ, ತೀರ್ಪು ನಿಂತಿತು."

ಜುಂಡಲ್ ಮೇಜು ಗುದ್ದಿದ, ಲಿಪ್ಮನ್‌ನ ಕೊರಳಪಟ್ಟಿ ಹಿಡಿದ, ಕೊನೆಗೆ ಬೆಂಚಿನ ಮೇಲೆ ಕುಸಿದ. ಗೆಟ್ಸಲ್ ಅವನ ಎದುರಿಗೇ ಹೋಗಿ ನಿಂತು ಮೂಗು ಒರೆಸಿಕೊಂಡ.

"ಕೂಗಾಡಬೇಡಿ ಯಜಮಾನ್ರೇ," ಎಂದ. "ಇಡೀ ಊರಲ್ಲಿ ನಿಮ್ಮ ಪರ ಇರೋನು ನಾನೊಬ್ಬನೇ."