ದೊಡ್ಡಣ್ಣನ ಜೀಪಿಗೆ ಬಿಸಿಗಾಳಿ

ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಸಾಲಿನ ಹಿಂದೆ ಹೋಗಿ ರೇಡಿಯೇಟರ್ ಗಂಗಾಧರಯ್ಯ ಎಂದರೆ ಯಾರಾದರೂ ಅಂಗಡಿ ತೋರಿಸುತ್ತಿದ್ದರು. ಮಾಗಡಿ ಕಡೆಯಿಂದ ಹದಿನಾರನೇ ವಯಸ್ಸಿಗೆ ಬಂದವನು. ಎಂಜಿನ್ನಿನ ನೀರು ತಣಿಸುವ ರೇಡಿಯೇಟರನ್ನು ಗಾಡಿಯಿಂದ ಬಿಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿ ಅಲ್ಲಿ ಬೆಸುಗೆ ಹಾಕುವುದು ಅವನ ನಲವತ್ತೈದು ವರ್ಷದ ಬದುಕು. ಆಸಿಡ್ ಹೊಗೆ ಕುಡಿದು ಗಂಟಲು ಒಡೆದಿತ್ತು. ಆದರೂ ಮಾತಿಗೆ ಕಡಿಮೆಯಿರಲಿಲ್ಲ.

ಕುದಿಯುತ್ತದೆ ಎಂದು ಹಳೇ ಗಾಡಿ ತಂದವರಿಗೆಲ್ಲ ಅವನು ಮೊದಲು ಮಾಡುತ್ತಿದ್ದುದು ಒಂದೇ ಕೆಲಸ. ಎಂಜಿನ್ನಿನ ಬಾಯಲ್ಲಿ ಕೂತ ಥರ್ಮೋಸ್ಟಾಟ್ ವಾಲ್ವನ್ನು ಕಿತ್ತು ಬಿಸಾಕುವುದು. ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಸಣ್ಣ ಸಾಮಾನು ಅದು.

"ಇದೆಲ್ಲ ಮಂಜು ಬೀಳೋ ದೇಶದೋರಿಗೆ ಸಾರ್. ನಮ್ಮ ಟ್ರಾಫಿಕ್ಕಿಗೆ ಇದೊಂದು ಶನಿ," ಎನ್ನುತ್ತಿದ್ದ. ಆ ರಸ್ತೆಯ ಅಂಗಡಿಯವರೆಲ್ಲ ಅದನ್ನೇ ಕಲಿತಿದ್ದರು.

ಉಲ್ಲಾಳದ ದೊಡ್ಡಣ್ಣನ ಜೀಪಿಗೂ ಹದಿಮೂರು ವರ್ಷದ ಹಿಂದೆ ಅದೇ ಉಪಚಾರ ಆಗಿತ್ತು. ಹೊಲವೆಲ್ಲ ಸೈಟುಗಳಾದ ಮೇಲೂ ದೊಡ್ಡಣ್ಣ ಆ ಟಾರ್ಪಾಲಿನ ಜೀಪು ಮಾರಿರಲಿಲ್ಲ. ಹಳ್ಳ ದಿಣ್ಣೆ ಎನ್ನದೆ ಓಡಿಸಿದ ಗಾಡಿ. ಈಗ ಎಪ್ಪತ್ತೈದಕ್ಕೆ ಎರಡು ಕಿಡ್ನಿಯೂ ಕೈಕೊಟ್ಟು, ವಾರಕ್ಕೆ ಮೂರು ದಿನ ಬಸವೇಶ್ವರನಗರಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಮಗ ಮಧುಕುಮಾರನ ಕಾರು ಹತ್ತಿದರೆ ವಾಂತಿ. ಜೀಪೇ ಆಗಬೇಕು.

ಡಿಸೆಂಬರಿನಲ್ಲಿ ಮಧು ಜೀಪು ತಂದು ನಿಲ್ಲಿಸಿದ.

"ಗಂಗಣ್ಣ, ಹೀಟರ್ ಉಸಿರೇ ಬಿಡ್ತಿಲ್ಲ. ಬೆಳಗ್ಗೆ ಐದೂವರೆಗೆ ಹೊರಟ್ರೆ ಅಪ್ಪ ಗಡಗಡ ಅಂತಾರೆ. ವಾಪಸ್ ಬರೋವಾಗಂತೂ ಹೊರಗೆ ಬಿಸಿಲಿದ್ರೂ ಹಲ್ಲು ಕಟಕಟ ಅಂತಾವೆ. ರಕ್ತ ಹೊರಗೆ ಹೋಗಿ ಬರುತ್ತಲ್ಲ, ಚಳಿ ಆಗತ್ತಂತೆ. ಏನಾದ್ರೂ ಮಾಡಿ."

"ಬೆಂಗಳೂರಲ್ಲಿ ಹೀಟರ್ ರಿಪೇರಿಗೆ ಬಂದಿರೋದು ನೀನೇ ಮೊದಲ್ನೇವ್ನು ಕಣಪ್ಪ," ಎಂದು ನಕ್ಕು ಗಂಗಾಧರಯ್ಯ ಕೆಳಗೆ ನುಗ್ಗಿದ.

ಆ ಜೀಪಿನಲ್ಲಿ ಹೀಟರ್ ಎಂದರೆ ಎಡಗಡೆ ಸೀಟಿನ ಮುಂದಿನ ತಗಡಿನ ಡಬ್ಬಿ. ಒಳಗೊಂದು ಮರಿ ರೇಡಿಯೇಟರ್, ಹಿಂದೊಂದು ಫ್ಯಾನು. ಎಂಜಿನ್ನಿನ ಬಿಸಿನೀರು ಅದರೊಳಗೆ ಹರಿದರೆ ಫ್ಯಾನು ಆ ಶಾಖವನ್ನು ಮುಂದಕ್ಕೆ ತಳ್ಳುತ್ತದೆ. ಅವನು ಅದನ್ನು ಬಿಚ್ಚಿ ನೀರಿನ ಪೈಪು ಹಿಡಿದ. ರಾಗಿ ಅಂಬಲಿಯಂತೆ ತುಕ್ಕು ಸುರಿಯಿತು. ತೊಳೆದ, ಹೊಸ ಪೈಪು ಹಾಕಿದ, ಫ್ಯಾನಿನ ಮೋಟಾರು ಬದಲಿಸಿದ. ಅಂಗಡಿ ಮುಂದೆ ನಿಲ್ಲಿಸಿಕೊಂಡು ಅರ್ಧ ಗಂಟೆ ಎಂಜಿನ್ ಓಡಿಸಿದಾಗ ಬೆಚ್ಚನೆ ಗಾಳಿ ಬಂತು. ಮಧು ಖುಷಿಯಾಗಿ ಹೋದ.

ನಾಲ್ಕೇ ದಿನಕ್ಕೆ ವಾಪಸ್ಸು. ನಿಂತಾಗ ಬೆಚ್ಚಗೆ, ಓಡಿದರೆ ತಣ್ಣಗೆ.

ಈ ಸಲ ಗಂಗಾಧರಯ್ಯ ಪಕ್ಕದಲ್ಲಿ ಕೂತು ಮಾಗಡಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದ. ಬಾನೆಟ್ ಎತ್ತಿ ರೇಡಿಯೇಟರಿನ ಮೇಲಿನ ಪೈಪು ಮುಟ್ಟಿದ. ಮಗುವಿಗೆ ಸ್ನಾನ ಮಾಡಿಸುವಷ್ಟು ಉಗುರುಬೆಚ್ಚಗೆ ಇತ್ತು. ಕೈ ಅಲ್ಲೇ ನಿಂತುಬಿಟ್ಟಿತು. ತಡೆಯುವ ವಾಲ್ವೇ ಇಲ್ಲದ ಮೇಲೆ ನೀರು ಕಾಯುವುದಾದರೂ ಯಾವಾಗ? ಓಡುವ ಗಾಡಿಗೆ ಎದುರುಗಾಳಿ ಬಡಿದಷ್ಟೂ ಅದು ತಣ್ಣಗಾಗುತ್ತದೆ. ಹೀಟರಿಗೆ ಸಿಗುವುದೂ ಅದೇ ನೀರು.

ಅಷ್ಟರಲ್ಲಿ ಪಕ್ಕದ ಅಂಗಡಿಯವನು ಕೂಗಿದ: "ಏನ್ ಗಂಗಣ್ಣ, ನಿಮ್ಮ ಕೈಗೂ ಬಗ್ಗದ ಗಾಡಿ ಬಂತಾ?"

ಹೇಳಬೇಕಾದ ಮಾತು ಬಾಯಿಗೆ ಬಂದು ಹಿಂದಕ್ಕೆ ಹೋಯಿತು. "ಹಳೇ ಹೀಟರ್ ಅಲ್ವೇನಪ್ಪ, ಇಷ್ಟೇ ಅದರ ಶಕ್ತಿ," ಎಂದು ಮಧುವಿಗೆ ಹೇಳಿಬಿಟ್ಟ. ರೇಡಿಯೇಟರಿನ ಮುಂದೆ ಅರ್ಧಕ್ಕೆ ಒಂದು ರಟ್ಟು ಕಟ್ಟಿ, "ಇದು ಗಾಳಿ ತಡಿಯತ್ತೆ, ನೋಡು," ಎಂದು ಕಳಿಸಿದ.

ಮನೆಯಲ್ಲಿ ಹೆಂಡತಿ ನೀಲಾಂಬಿಕಾಳಿಗೆ ಹೇಳಿದ. ಅವಳು ಮೊರ ಕೆಳಗಿಟ್ಟಳು.

"ಅಲ್ಲಾ, ಒಂದು ವಾಲ್ವ್ ತಂದು ಹಾಕೋಕೆ ಎಷ್ಟೊತ್ತು?"

"ಹಾಕಿದ್ರೆ ಯಾಕೆ ಹಾಕ್ದೆ ಅಂತಾರೆ. ತೆಗ್ದಿದ್ದು ಯಾರು ಅಂತಾರೆ. ಊರಿಗೆಲ್ಲ ತೆಗೆದು ಕೊಟ್ಟಿದೀನಿ ಕಣೇ."

"ನಿಮ್ಮ ಮಾನ ಬೆಚ್ಚಗಿರ್ಲಿ ಅಂತ ಆ ಮುದುಕಪ್ಪ ನಡುಗ್ಬೇಕಾ?"

ಅವನು ಕೈಕಾಲು ತೊಳೆಯಲು ಎದ್ದ. ನಾಳೆ ಹೇಳಿದರಾಯಿತು ಎಂದುಕೊಂಡ. ಸಂಕ್ರಾಂತಿ ಬಂತು, ಹೋಯಿತು. ರಟ್ಟಿನಿಂದ ಸ್ವಲ್ಪ ಪರವಾಗಿಲ್ಲ ಎಂದು ಮಧು ಫೋನು ಮಾಡಿದ್ದ. ಅಷ್ಟನ್ನೇ ಹಿಡಿದುಕೊಂಡು ಗಂಗಾಧರಯ್ಯ ದಿನ ನೂಕಿದ.

ಜನವರಿ ಕೊನೆಗೆ ಒಂದು ಬೆಳಗ್ಗೆ ಹನ್ನೊಂದಕ್ಕೆ ಮಧುವಿನ ಫೋನು. ಸುಮನಹಳ್ಳಿ ಹತ್ತಿರ ವಾಹನಗಳ ಮಧ್ಯೆ ಸಿಕ್ಕಿಕೊಂಡು ಜೀಪು ಕುದಿದು ನಿಂತಿದೆ. ಗಂಗಾಧರಯ್ಯ ಆಟೋ ಹಿಡಿದು ಹೋದ. ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಆ ರಟ್ಟು ಇನ್ನೂ ಕಟ್ಟಿದಂತೆಯೇ ಇತ್ತು. ನಿಂತ ಗಾಡಿಗೆ ಅದೇ ಉರುಲಾಗಿತ್ತು. ಫುಟ್‌ಪಾತಿನ ಕಲ್ಲಿನ ಮೇಲೆ, ಡಯಾಲಿಸಿಸ್ ಮುಗಿಸಿ ಬಂದ ದೊಡ್ಡಣ್ಣ ಕಂಬಳಿ ಹೊದ್ದು ಕೂತಿದ್ದ. ಅಷ್ಟೆತ್ತರದ ಆಳು ಮಡಚಿಟ್ಟ ಬಟ್ಟೆಯ ಹಾಗೆ ಆಗಿಬಿಟ್ಟಿದ್ದ.

ಗಂಗಾಧರಯ್ಯ ಅವನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಯಜಮಾನ್ರೆ, ತಪ್ಪು ನಂದು. ಆವತ್ತು ವಾಲ್ವ್ ಕಿತ್ತಾಕಿದ್ದು ನಾನೇ. ಅದಕ್ಕೇ ಹೀಟರ್ ಕೆಲಸ ಮಾಡ್ತಿಲ್ಲ. ಹೋದ ತಿಂಗಳೇ ಗೊತ್ತಾಯ್ತು. ಹೇಳಲಿಲ್ಲ."

ಮಧು ಕೈಯಲ್ಲಿದ್ದ ನೀರಿನ ಬಾಟಲಿ ನೆಲಕ್ಕೆ ಬಡಿದ. "ಗೊತ್ತಿತ್ತಾ? ಗೊತ್ತಿದ್ದೂ ರಟ್ಟು ಕಟ್ಟಿ ಕಳಿಸಿದ್ರಾ? ಅಪ್ಪ ಇಷ್ಟು ದಿನ..."

"ಬಿಡೋ ಮಧು," ಎಂದ ದೊಡ್ಡಣ್ಣ. ನಡುಗುವ ಬಾಯಲ್ಲಿ ಮಾತು ತುಂಡುತುಂಡಾಗಿ ಬಂತು. "ಅವನು ಅದನ್ನ ಕಿತ್ತಾಗ... ಶಭಾಷ್ ಅಂತ ಕಾಫಿ ಕೊಡ್ಸಿದ್ದು ನಾನೇ ಕಣೋ. ಹಾಕ್ಲಿ, ಅವನೇ ಹಾಕ್ಲಿ."

ಹಳೇ ಗಾಡಿಯ ವಾಲ್ವ್ ಸುಲಭಕ್ಕೆ ಸಿಗಲಿಲ್ಲ. ಗಂಗಾಧರಯ್ಯ ಅಂಗಡಿ ಮುಚ್ಚಿ ಮೂರು ದಿನ ಸುತ್ತಿ ಒಂದು ಹುಡುಕಿದ. ಕಾಯಿಸಿದ ನೀರಿಗೆ ಬಿಟ್ಟು, ಅದು ಬಾಯಿ ತೆರೆಯುವುದನ್ನು ಕಣ್ಣಾರೆ ನೋಡಿ, ಜೀಪಿಗೆ ಕೂರಿಸಿದ. ಟಾರ್ಪಾಲಿನ ಹರಕು ಹೊಲಿಸಿದ. ಕಾಲಿನ ಹತ್ತಿರದ ತೂತುಗಳಿಗೆ ರಬ್ಬರ್ ತುರುಕಿದ. ಕೂಲಿ ಎಷ್ಟೆಂದು ಮಧು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಜೀಪು ತಯಾರಾದ ಮೇಲಿನ ಡಯಾಲಿಸಿಸ್ ದಿನ ತಾನೂ ಆಸ್ಪತ್ರೆಗೆ ಹೋದ. ಅದು ಮುಗಿದ ಮೇಲೆ ದೊಡ್ಡಣ್ಣನನ್ನು ಇಬ್ಬರೂ ಹಿಡಿದು ಮುಂದಿನ ಸೀಟಿಗೆ ಕೂರಿಸಿದರು. ಗಂಗಾಧರಯ್ಯ ಹಿಂದೆ ಕೂತ. ಎಂಜಿನ್ನಿನ ಶಾಖ ತೋರಿಸುವ ಮುಳ್ಳು ಮೇಲೇರುತ್ತಿದ್ದಂತೆ ಡಬ್ಬಿಯಿಂದ ಬಿಸಿಗಾಳಿ ಸುರಿಯಿತು, ಬ್ರೆಡ್ಡು ಸುಡುವ ಬೇಕರಿಯೊಳಗೆ ಹೋದಂತೆ. ಐದು ನಿಮಿಷದಲ್ಲಿ ಗಂಗಾಧರಯ್ಯನ ಅಂಗಿ ಬೆನ್ನಿಗೆ ಅಂಟಿತು. ಮಧುವಿನ ಹಣೆಯಿಂದ ಬೆವರು ಇಳಿಯುತ್ತಿತ್ತು.

ದೊಡ್ಡಣ್ಣನ ಭುಜ ಮಾತ್ರ ನಡುಗುತ್ತಲೇ ಇತ್ತು.

"ಬಿಸಿ ಬರ್ತಿಲ್ವಾ ಯಜಮಾನ್ರೆ?"

ದೊಡ್ಡಣ್ಣ ಊದಿಕೊಂಡ ಕೈಯನ್ನು ಡಬ್ಬಿಯ ಬಾಯಿಗೆ ಹಿಡಿದ. "ಬರ್ತಾ ಇದೆ ಕಣಯ್ಯ. ಚೆನ್ನಾಗಿ ಬರ್ತಾ ಇದೆ. ಕೈಗೆ ಗೊತ್ತಾಗ್ತದೆ," ಎಂದ. ಸ್ವಲ್ಪ ಸುಧಾರಿಸಿಕೊಂಡು, "ಒಳಕ್ಕೆ ಇಳೀತಿಲ್ಲ. ಮೊದಮೊದ್ಲು ಒಂದು ಕಂಬಳಿ ಹೊದ್ರೆ ಬಿಟ್ಟೋಗ್ತಿತ್ತು. ಈಗ ಬೇರೆ ಥರ ಚಳಿ," ಎಂದ.

ಮೊದಮೊದಲು ಎಂದರೆ ಡಿಸೆಂಬರ್, ತಾನು ನಿಜ ಹೇಳದೆ ರಟ್ಟು ಕಟ್ಟಿ ಕಳಿಸಿದ ತಿಂಗಳು. ಗಂಗಾಧರಯ್ಯ ಟಾರ್ಪಾಲಿನ ಕಡೆ ಮುಖ ತಿರುಗಿಸಿದ.

ಸೆಕೆ ತಡೆಯಲಾರದೆ ಮಧು ತನ್ನ ಕಡೆಯ ಟಾರ್ಪಾಲಿನ ಪರದೆಯ ಗುಂಡಿಗೆ ಕೈ ಹಾಕಿದ.

"ಬೇಡಪ್ಪ, ತೆಗೀಬೇಡ," ಎಂದ ಗಂಗಾಧರಯ್ಯ.

ಮಧು ಕೈ ಹಿಂದಕ್ಕೆ ತೆಗೆದುಕೊಂಡ. ಉಲ್ಲಾಳ ಇನ್ನೂ ದೂರವಿತ್ತು.